ನ್ಯೂಜಿಲೆಂಡಲ್ಲಿ ಏಪ್ರಿಲ್ ತಿಂಗಳ ಕ್ಯಾಂಪರ್‌ವ್ಯಾನ್: ಗಾಡಿ ಬಿಡಿ, ಮೊದ್ಲು ಹೀಟರ್ ನೋಡಿ

ಬರೀಬೇಕು ಬರೀಬೇಕು ಅಂತ ಮುಂದೂಡ್ತಾನೇ ಬಂದೆ, ಈಗ ಸ್ನೇಹಿತರಲ್ಲಿ ಮೂರು ಜನ ಒಂದೇ ಪ್ರಶ್ನೆ, ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿಗೆ ಹೋದ್ರೆ ಕ್ಯಾಂಪರ್‌ವ್ಯಾನ್, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಗಾಡಿ, ತಗೊಳೋವಾಗ ಏನು ನೋಡ್ಬೇಕು ಅಂತ ಕೇಳಿದ್ಮೇಲೆ ಕೂತಿದ್ದೀನಿ. ನಾವು ನಾಲ್ಕು ಜನ, ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗ, ಮತ್ತೆ ಕೆಇಬಿಯಿಂದ ರಿಟೈರ್ ಆಗಿರೋ ನಮ್ಮಪ್ಪ, ಏಪ್ರಿಲ್‌ನಲ್ಲಿ ನ್ಯೂಜಿಲೆಂಡ್ ಸೌತ್ ಐಲೆಂಡ್ ಪೂರ್ತಿ ಒಂದು ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು ಹದಿನಾಲ್ಕು ದಿನ ಸುತ್ತಿದ್ವಿ. ವ್ಯಾನ್ ಕೊಟ್ಟ ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ನಾನು ಹೇಳೋ ತಕರಾರು ಆ ಒಂದು ಕಂಪನಿದು ಅಂತಲ್ಲ, ಯಾರ ಹತ್ರ ತಗೊಂಡ್ರೂ ನೀವು ನೋಡ್ಕೋಬೇಕಾದ್ದು ಇದೇ.

ಏಪ್ರಿಲ್ ಯಾಕೆ ಅಂದ್ರೆ, ನಮ್ಮ ಮಕ್ಕಳಿಗೆ ಬೇಸಿಗೆ ರಜ ಬಿಡೋ ಹೊತ್ತಿಗೆ ಅಲ್ಲಿ ಸರಿಯಾಗಿ ಎಲೆ ಉದುರೋ ಕಾಲ. ಮಾರ್ಚ್‌ನಿಂದ ಮೇ ತನಕ ಅವರಿಗೆ ಆಟಮ್. ಯೂರೋಪು ಅಮೆರಿಕದ ಆಟಮ್ ನೋಡ್ಬೇಕು ಅಂದ್ರೆ ಅಕ್ಟೋಬರ್‌ನಲ್ಲಿ ಸ್ಕೂಲಿಗೆ ಚಕ್ಕರ್ ಹೊಡೆಸ್ಬೇಕು, ದಸರಾ ರಜ ಎಲ್ಲಿ ಸಾಲುತ್ತೆ. ಇಲ್ಲಿ ಆ ತಲೆನೋವೇ ಇಲ್ಲ. ಡಿಸೆಂಬರ್ ಜನವರಿ ಅಲ್ಲಿ ಪೀಕ್ ಸೀಸನ್, ವ್ಯಾನ್ ಬಾಡಿಗೆ ಕೇಳೋ ಹಾಗೇ ಇರಲ್ಲ, ಏಪ್ರಿಲ್‌ಗೆ ರೇಟು ಚೆನ್ನಾಗಿ ಇಳಿದಿರುತ್ತೆ. ನಮಗೆ ನಾಲ್ಕು ಜನ ಮಲಗೋ ವ್ಯಾನು ದಿನಕ್ಕೆ 165 ನ್ಯೂಜಿಲೆಂಡ್ ಡಾಲರ್‌ಗೆ ಸಿಕ್ತು, ಆರು ತಿಂಗಳು ಮುಂಚೆನೇ ಬುಕ್ ಮಾಡಿದ್ದೆ. ಒಂದೇ ಒಂದು ಹುಷಾರು: ಈಸ್ಟರ್ ಮತ್ತೆ ಅಲ್ಲಿಯ ಸ್ಕೂಲ್ ರಜಾನೂ ಏಪ್ರಿಲ್‌ಗೇ ಬೀಳೋದು ಜಾಸ್ತಿ, ಆ ಎರಡು ವಾರ ಕ್ಯಾಂಪ್‌ಸೈಟ್‌ಗಳಲ್ಲಿ ಜನ ಇರ್ತಾರೆ.

ಹೊರಡೋಕೆ ಮುಂಚಿನ ಕೆಲಸ ಬೇಗ ಹೇಳಿ ಮುಗಿಸ್ತೀನಿ. ನಮಗೆ ವಿಸಿಟರ್ ವೀಸಾ ಬೇಕೇ ಬೇಕು, ಅದರ ಜೊತೆ 100 ಡಾಲರ್ ಟೂರಿಸ್ಟ್ ಲೆವಿ ಅಂತ ತಲೆಗೆ ತಗೋತಾರೆ. ಅಲ್ಲೂ ನಮ್ಮ ತರಾನೇ ಎಡಗಡೆ ಡ್ರೈವಿಂಗು, ನಮ್ಮ ಡಿಎಲ್ ಇಂಗ್ಲಿಷಲ್ಲೇ ಇರೋದ್ರಿಂದ ನಡೆಯುತ್ತೆ, ಆದ್ರೂ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡು ಹೋದೆ, ಕೌಂಟರ್ ಹುಡುಗಿ ಎರಡನ್ನೂ ಕೇಳಿದ್ಲು ಅಂತ ಸಮಾಧಾನ ಆಯ್ತು. ಬೆಂಗಳೂರಿಂದ ಸಿಂಗಾಪುರ, ಅಲ್ಲಿಂದ ನೇರ ಕ್ರೈಸ್ಟ್‌ಚರ್ಚ್.

ಏರ್‌ಪೋರ್ಟಲ್ಲಿ ಊಟದ ವಿಷಯಕ್ಕೆ ಅವರು ಎಷ್ಟು ಕಟ್ಟುನಿಟ್ಟು ಅಂತ ಕೇಳಿರ್ತೀರ. ನಿಜ. ಡಿಕ್ಲೇರ್ ಮಾಡದೆ ಒಂದು ಸೇಬು ಬ್ಯಾಗಲ್ಲಿ ಉಳಿದಿದ್ರೂ ಸ್ಥಳದಲ್ಲೇ 400 ಡಾಲರ್ ಫೈನು. ಜೇನುತುಪ್ಪ, ಹಸಿ ಕರಿಬೇವು, ಹಣ್ಣು ತರಕಾರಿ ಇವನ್ನೆಲ್ಲ ಮನೇಲೇ ಬಿಟ್ಟು ಬನ್ನಿ. ನನ್ನ ಹೆಂಡತಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ ಎಲ್ಲಾನೂ ಒಂದೇ ಬ್ಯಾಗಿಗೆ ಹಾಕಿ, ಒಂದು ಹಾಳೇಲಿ ಇಂಗ್ಲಿಷಲ್ಲಿ ಪಟ್ಟಿ ಬರೆದು ಮೇಲೆ ಅಂಟಿಸಿದ್ಲು. ಆಫೀಸರು ಪಟ್ಟಿ ಓದಿ, ಎರಡು ಪ್ಯಾಕೆಟ್ ಎತ್ತಿ ನೋಡಿ, ನಕ್ಕು ಕಳಿಸಿದ. ಅವನು ಜಾಸ್ತಿ ಹೊತ್ತು ನೋಡಿದ್ದು ನಮ್ಮಪ್ಪನ ಶೂನ ಅಡಿ! ಮಣ್ಣು ಇದ್ರೆ ಬೀಜ, ರೋಗ ಎಲ್ಲಾ ಬರುತ್ತೆ ಅಂತ ಅವರಿಗೆ ಭಯ. ಟೆಂಟು, ಟ್ರೆಕ್ಕಿಂಗ್ ಶೂ ಏನಾದ್ರೂ ತಗೊಂಡು ಹೋದ್ರೆ ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ಜಿ ತೊಳ್ಕೊಂಡು ಹೋಗಿ.

ಈಗ ವ್ಯಾನ್ ಡಿಪೋ ಕಥೆ. ಇಲ್ಲಿಂದ ರಿವ್ಯೂ ಶುರು ಅಂದ್ಕೊಳ್ಳಿ.

ಮೊದಲ ಏಟು ಕಾರ್ಡಿಂದ. ಇನ್ಶೂರೆನ್ಸ್ ಪೂರ್ತಿ ತಗೊಳ್ದೆ ಇದ್ರೆ ಬಾಂಡ್, ಅಂದ್ರೆ ಡೆಪಾಸಿಟ್ ಅಂತ 5,000 ಡಾಲರ್ ಬ್ಲಾಕ್ ಮಾಡ್ತಾರೆ, ಅಂದ್ರೆ ಹತ್ರ ಹತ್ರ ಎರಡೂವರೆ ಲಕ್ಷ, ಅದೂ ಡ್ರೈವರ್ ಹೆಸರಲ್ಲಿರೋ ಕ್ರೆಡಿಟ್ ಕಾರ್ಡೇ ಆಗ್ಬೇಕು. ನಾನು ದುಡ್ಡೆಲ್ಲ ಫಾರೆಕ್ಸ್ ಕಾರ್ಡಿಗೆ ತುಂಬ್ಕೊಂಡು ರಾಜನ ತರ ಹೋಗಿದ್ದೆ, ಅದನ್ನ ಅವರು ಮೂಸಿನೂ ನೋಡ್ಲಿಲ್ಲ. ಕೊನೆಗೆ ದಿನಕ್ಕೆ ಇಷ್ಟು ಅಂತ ಕಟ್ಟೋ ಫುಲ್ ಕವರ್‌ನೇ ತಗೊಂಡೆ, ಬಾಂಡ್ ಸಣ್ಣದಾಯ್ತು, ಬಾಡಿಗೆ ದೊಡ್ಡದಾಯ್ತು. ಮನೇಲೇ ಎರಡನ್ನೂ ಕೂಡಿ ಕಳೆದು ನೋಡ್ಕೊಂಡು ಹೋಗಿ, ಕೌಂಟರ್ ಮುಂದೆ ಹದಿನಾಲ್ಕು ಗಂಟೆ ಪ್ರಯಾಣ ಮಾಡಿ ಬಂದ ತಲೇಲಿ ಲೆಕ್ಕ ಹಾಕೋಕಾಗಲ್ಲ. ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಇದೆಯಾ ಅಂತಾನೂ ಆಪ್‌ನಲ್ಲಿ ನೋಡ್ಕೊಳ್ಳಿ.

ಎರಡನೇದು ಡೀಸೆಲ್. ಬಂಕಲ್ಲಿ ಡೀಸೆಲ್ ರೇಟು ಪೆಟ್ರೋಲ್‌ಗಿಂತ ಎಷ್ಟೋ ಕಮ್ಮಿ ಕಾಣುತ್ತೆ, ಖುಷಿಪಡ್ಬೇಡಿ. ಅಲ್ಲಿ ಡೀಸೆಲ್ ಗಾಡಿಗಳಿಗೆ ರಸ್ತೆ ಟ್ಯಾಕ್ಸನ್ನ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ತಗೋತಾರೆ, ಸರ್ಕಾರದ್ದು ಸಣ್ಣ ಗಾಡಿಗೆ 1,000 ಕಿಲೋಮೀಟರ್‌ಗೆ 76 ಡಾಲರ್, ಬಾಡಿಗೆ ಕಂಪನಿ ಅದರ ಮೇಲೆ ತಂದೊಂದಿಷ್ಟು ಸೇರಿಸಿ ವಾಪಸ್ ಕೊಡೋವಾಗ ಓಡೋಮೀಟರ್ ನೋಡಿ ಕಿತ್ಕೋತಾರೆ. ಇದು ಮೋಸ ಅಲ್ಲ, ಕರಾರಲ್ಲಿ ಬರೆದಿರುತ್ತೆ. ಆದ್ರೆ ಬುಕಿಂಗ್ ಮಾಡೋವಾಗ ತೋರ್ಸೋ ಟೋಟಲ್‌ನಲ್ಲಿ ಇರಲ್ಲ.

ಮೂರನೇದೇ ನನ್ನ ನಿಜವಾದ ಸಿಟ್ಟು. ಗಾಡಿ ಹೇಗೆ ಬಳಸೋದು ಅಂತ ತೋರ್ಸೋಕೆ ಅವರು ಕೊಟ್ಟಿದ್ದು ಹದಿನೈದು ನಿಮಿಷ. ಗ್ಯಾಸ್ ಇಲ್ಲಿ, ನೀರು ಇಲ್ಲಿ, ಟಾಯ್ಲೆಟ್ ಕ್ಯಾಸೆಟ್ ಇಲ್ಲಿ, ಹೀಟರ್ ಸ್ವಿಚ್ ಇಲ್ಲಿ, ಉಳಿದದ್ದು ವೀಡಿಯೋ ಲಿಂಕ್ ಕಳಿಸ್ತೀವಿ, ಹ್ಯಾವ್ ಎ ಗುಡ್ ಟ್ರಿಪ್. ಹೀಟರ್ ಆನ್ ಮಾಡಿ ತೋರ್ಸಿ ಅಂತ ನಾನು ಕೇಳ್ಲಿಲ್ಲ. ಮಧ್ಯಾಹ್ನ ಒಳ್ಳೇ ಬಿಸಿಲಿತ್ತು, ಟೀಶರ್ಟಲ್ಲಿ ನಿಂತಿದ್ವಿ, ಹೀಟರ್ ಬಗ್ಗೆ ಯಾರಿಗೆ ಯೋಚನೆ.

ಎರಡನೇ ರಾತ್ರಿ ಟೆಕಪೋ. ಕ್ರೈಸ್ಟ್‌ಚರ್ಚಿಂದ ಮೂರು ಗಂಟೆ ದಾರಿ, ಸುಮಾರು 700 ಮೀಟರ್ ಎತ್ತರದಲ್ಲಿರೋ ಸರೋವರ, ನೀರಿನ ಬಣ್ಣ ಹಾಲಿಗೆ ನೀಲಿ ಕಲಸಿದ ಹಾಗೆ, ಹಿಮನದಿ ಬಂಡೇನ ಅರೆದು ಮಾಡಿದ ಸಣ್ಣ ಹಿಟ್ಟು ನೀರಲ್ಲಿ ತೇಲ್ತಾ ಇರೋದಕ್ಕೆ ಆ ಬಣ್ಣ ಅಂತೆ. ದಡದಲ್ಲಿ 1935ರ ಪುಟ್ಟ ಕಲ್ಲಿನ ಚರ್ಚು. ಆ ಜಾಗ 2012ರಿಂದ ಡಾರ್ಕ್ ಸ್ಕೈ ರಿಸರ್ವ್, ಅಂದ್ರೆ ನಕ್ಷತ್ರ ಚೆನ್ನಾಗಿ ಕಾಣ್ಲಿ ಅಂತ ದೀಪದ ಬೆಳಕಿಗೆ ಕಡಿವಾಣ ಹಾಕಿರೋ ಜಾಗ, ಬೀದಿ ದೀಪಾನೂ ಕೆಳಗಡೆಗೆ ಮುಖ ಮಾಡಿರುತ್ತೆ. ಅಪ್ಪ ಮಂಕಿ ಕ್ಯಾಪ್ ಹಾಕ್ಕೊಂಡು ಹೊರಗೆ ನಿಂತು ಮಹಾವ್ಯಾಧ ನಕ್ಷತ್ರಪುಂಜ ನೋಡು, ಬೇಟೆಗಾರ ತಲೆಕೆಳಗಾಗಿ ನಿಂತಿದಾನೆ ಅಂತ ಮೊಮ್ಮಗನಿಗೆ ತೋರಿಸ್ತಿದ್ರು, ಹುಡುಗ ಕತ್ತು ತಿರುಗಿಸಿ ಕಾಲ ಮಧ್ಯದಿಂದ ಬಗ್ಗಿ ನೋಡಿ ಈಗ ಸರಿ ಆಯ್ತು ತಾತ ಅಂದ.

ರಾತ್ರಿ ಒಂದೂವರೆಗೆ ಹೀಟರ್ ಆಫ್. ಮತ್ತೆ ಆನ್ ಮಾಡಿದ್ರೆ ಎರಡು ನಿಮಿಷ ಗುಂಯ್ ಅನ್ನುತ್ತೆ, ಕೆಂಪು ಲೈಟು ಮಿಣುಕುತ್ತೆ, ನಿಂತುಹೋಗುತ್ತೆ. ಒಳಗೆ ನಮ್ಮ ಉಸಿರಿಗೆ ಕಿಟಕಿ ಗಾಜೆಲ್ಲ ನೀರು, ಮೇಲಿನ ಬೆಡ್ಡಲ್ಲಿ ಮಲಗಿದ್ದ ಮಗನ ಮುಖದ ಮೇಲೆ ತಟ್ ತಟ್ ಅಂತ ಹನಿ. ಹೊರಗೆ ಹುಲ್ಲಿನ ಮೇಲೆ ಬಿಳೀ ಪೌಡರ್ ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಇಪ್ಪತ್ನಾಲ್ಕು ಗಂಟೆ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರೆ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಒಬ್ಬ ಪುಣ್ಯಾತ್ಮ ಬಂದು ಗಾಡಿ ಆಫ್ ಮಾಡಿ ಆನ್ ಮಾಡಿ ಸರ್ ಅಂದ, ಬೆಳಿಗ್ಗೆ ಮೆಕ್ಯಾನಿಕ್ ವಿಚಾರ ನೋಡೋಣ ಅಂದ.

ಅಪ್ಪ ಮಾತಾಡ್ದೆ ಎದ್ದು ಬಾಗಿಲ ಪಕ್ಕದ ಪ್ಯಾನೆಲ್ ಮುಂದೆ ಟಾರ್ಚ್ ಹಿಡ್ಕೊಂಡು ನಿಂತ್ರು. ಹೀಟರ್ ಉರಿಸೋದು ಡೀಸೆಲ್, ಆದ್ರೆ ಅದನ್ನ ಹೊತ್ತಿಸೋಕೆ ಕರೆಂಟ್ ಬೇಕಲ್ಲಪ್ಪಾ, ಶುರುವಾಗೋವಾಗಲೇ ಅದು ಜಾಸ್ತಿ ಎಳೆಯುತ್ತೆ, ಬ್ಯಾಟರಿ ಬಿದ್ದಿದೆ ನೋಡು ಅಂದ್ರು. ಪ್ಯಾನೆಲ್ಲಲ್ಲಿ 11.3 ವೋಲ್ಟ್. ಸಂಜೆಯಿಂದ ಫ್ರಿಜ್ಜು, ಲೈಟು, ಮೂರು ಫೋನು, ಎಲ್ಲಾ ಅದೇ ಹೌಸ್ ಬ್ಯಾಟರಿ, ಅಂದ್ರೆ ವ್ಯಾನಿನ ಒಳಗಿನ ಬಳಕೆಗೆ ಅಂತ ಇರೋ ಬ್ಯಾಟರಿ ಮೇಲೆ, ದುಡ್ಡು ಉಳಿಸೋಕೆ ಅಂತ ನಾವು ಅವತ್ತು ಪವರ್ ಇಲ್ಲದ ಸೈಟ್ ತಗೊಂಡಿದ್ವಿ, ಅದರ ಮೇಲೆ ಬ್ಯಾಟರೀನೂ ಹಳೇದು. ಎಂಜಿನ್ ಸ್ಟಾರ್ಟ್ ಮಾಡು ಅಂದ್ರು. ಮಧ್ಯರಾತ್ರಿ ಕ್ಯಾಂಪ್‌ಸೈಟಲ್ಲಿ ಎಂಜಿನ್ ಹಾಕೋದು ಎಂಥಾ ಅಸಭ್ಯ ಕೆಲಸ ಅಂತ ಗೊತ್ತಿದ್ರೂ ಊರಾಚೆ ರೋಡಿಗೆ ತಂದು ನಿಲ್ಲಿಸಿ ನಲವತ್ತು ನಿಮಿಷ ಓಡಿಸಿದ್ವಿ, ಹೀಟರ್ ಹತ್ಕೊಂಡ್ತು. ಆಮೇಲೆ ಫ್ರಿಜ್ ಆಫ್ ಮಾಡಿದ್ವಿ, ಹೊರಗೇ ಫ್ರಿಜ್‌ಗಿಂತ ತಂಪು, ಒಳಗೆ ಅದ್ಯಾಕೆ.

ಅದಕ್ಕೇ ಹೇಳೋದು, ಏಪ್ರಿಲ್‌ಗೆ ಹೋಗೋರು ವ್ಯಾನಿನ ಸೋಫಾ ಬಣ್ಣ, ಟೀವಿ, ಹಿಂದಿನ ದೊಡ್ಡ ಕಿಟಕಿ ಇವನ್ನ ನೋಡ್ಬೇಡಿ. ಹೀಟರ್ ಯಾವುದ್ರ ಮೇಲೆ ಓಡುತ್ತೆ ಕೇಳಿ. ಕೆಲವು ಗಾಡಿಗಳಲ್ಲಿ ಸೈಟಿನ ಕರೆಂಟ್ ಹಾಕಿದ್ರೆ ಮಾತ್ರ ಓಡೋ ಸಣ್ಣ ಫ್ಯಾನ್ ಹೀಟರ್ ಇಟ್ಟು ಹೀಟರ್ ಇದೆ ಅಂತ ಬರೆದಿರ್ತಾರೆ, ಅದು ಕಾಡಿನ ಕ್ಯಾಂಪ್‌ಸೈಟಲ್ಲಿ ಇದ್ದೂ ಇಲ್ಲದ ಹಾಗೆ. ಡಿಪೋದಲ್ಲೇ ಹತ್ತು ನಿಮಿಷ ಆನ್ ಮಾಡಿಸಿ, ಬಿಸಿ ಗಾಳಿ ಕೈಗೆ ತಾಗಿದ್ಮೇಲೆ ಸಹಿ ಹಾಕಿ. ಬ್ಯಾಟರಿ ಮೀಟರ್ ಎಲ್ಲಿದೆ ಕೇಳಿ. ಇಷ್ಟು ಕೇಳಿದ್ದಿದ್ರೆ ನಮಗೆ ಆ ರಾತ್ರಿ ತಪ್ತಿತ್ತು.

ಇಷ್ಟು ಬೈದ ಮೇಲೆ ಒಳ್ಳೇದೂ ಹೇಳ್ಬೇಕು. ಗಾಡಿ ಓಡಿಸೋಕೆ ಬೆಣ್ಣೆ ತರ. ಮೂರು ಮೀಟರ್ ಎತ್ತರ ಇದೆ ಅನ್ನೋದು ನೆನಪಿದ್ರೆ ಸಾಕು, ಪೇಟೆಲಿ ಸೂಪರ್ ಮಾರ್ಕೆಟಿನ ಕವರ್ಡ್ ಪಾರ್ಕಿಂಗ್ ಕಡೆ ತಿರುಗಿಸ್ಬೇಡಿ. ಹೈವೇಲಿ 100 ಲಿಮಿಟ್ಟು, ಆದ್ರೆ ಹೈವೇ ಅಂದ್ರೆ ನಮ್ಮ ಮೈಸೂರು ರೋಡ್ ಅಲ್ಲ, ಬಹಳ ಕಡೆ ಆ ಕಡೆ ಒಂದು ಈ ಕಡೆ ಒಂದು ಲೇನ್, ಚಾರ್ಮಾಡಿ ತರ ತಿರುವು, ಮಧ್ಯೆ ಮಧ್ಯೆ ಒಂದೇ ಗಾಡಿ ಹೋಗೋ ಸೇತುವೆ. ಸೇತುವೆ ಮುಂದೆ ಬೋರ್ಡಲ್ಲಿ ನಿಮ್ಮ ಕಡೆ ಬಾಣ ಸಣ್ಣದಾಗಿ ಕೆಂಪಿದ್ರೆ ನಿಂತ್ಕೊಂಡು ಎದುರಿನವರಿಗೆ ದಾರಿ ಬಿಡ್ಬೇಕು. ಎದುರಿನವರು ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋಗ್ತಾರೆ, ನನಗಂತೂ ಆಮೇಲೆ ಅದೇ ಚಟ ಆಗಿ ಬೆಂಗಳೂರಲ್ಲೂ ಎರಡು ದಿನ ಕೈ ಎತ್ತಿದೆ. ಹಿಂದೆ ಮೂರ್ನಾಲ್ಕು ಕಾರು ಸೇರ್ಕೊಂಡ್ರೆ ಎಡಕ್ಕೆ ತಗೊಂಡು ಬಿಟ್ಬಿಡಿ, ಟೂರಿಸ್ಟ್ ವ್ಯಾನ್ ಕಂಡ್ರೆ ಅಲ್ಲಿನವರಿಗೆ ಮೊದ್ಲೇ ಅಷ್ಟಕ್ಕಷ್ಟೆ.

ಮತ್ತೆ ಆ ದೇಶದ ಕ್ಯಾಂಪಿಂಗ್ ವ್ಯವಸ್ಥೆ. ಅದಕ್ಕೆ ಐದಕ್ಕೆ ಐದು. ಮೂರು ತರ ಜಾಗ ಇರುತ್ತೆ. ಹಾಲಿಡೇ ಪಾರ್ಕ್ ಅಂದ್ರೆ ಕರೆಂಟು, ಬಿಸಿನೀರಿನ ಸ್ನಾನ, ದೊಡ್ಡ ಅಡುಗೆಮನೆ, ವಾಷಿಂಗ್ ಮಷೀನ್ ಎಲ್ಲಾ. ಎರಡನೇದು ಡಾಕ್, ಅಂದ್ರೆ ಅಲ್ಲಿನ ಸರ್ಕಾರದ ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್ ಕ್ಯಾಂಪ್‌ಸೈಟು, ಬೆಟ್ಟದ ಬುಡ, ನದಿ ದಡ, ಕಾಡಿನ ಒಳಗೆ ಇರುತ್ತೆ, ರೇಟು ತುಂಬಾ ಕಮ್ಮಿ, ಕೆಲವು ಫ್ರೀ. ಮೂರನೇದು ಫ್ರೀಡಮ್ ಕ್ಯಾಂಪಿಂಗ್, ಊರಿನ ಕೌನ್ಸಿಲ್ ಬಿಟ್ಟ ಜಾಗದಲ್ಲಿ ಪುಕ್ಕಟೆ ನಿಲ್ಲಿಸೋದು. ಇದಕ್ಕೆ ಗಾಡೀಲಿ ಫಿಕ್ಸ್ ಮಾಡಿರೋ ಟಾಯ್ಲೆಟ್ ಇರ್ಬೇಕು, ಮುಂದಿನ ಗಾಜಿನ ಮೇಲೆ ಅದಕ್ಕೆ ಸರ್ಟಿಫಿಕೇಟ್ ತರ ಇರೋ ಹಸಿರು ವಾರಂಟ್ ಚೀಟಿ ಇರ್ಬೇಕು, ಇಲ್ಲಾಂದ್ರೆ ಬೆಳಿಗ್ಗೆ ಬಾಗಿಲು ತಟ್ಟಿ 400 ಡಾಲರ್ ಚೀಟಿ ಕೊಡ್ತಾರೆ. ಸೀಟಿನ ಕೆಳಗೆ ಮಡಚಿಡೋ ಪೋರ್ಟಬಲ್ ಟಾಯ್ಲೆಟ್ ಈಗಿನ ರೂಲಲ್ಲಿ ನಡೆಯಲ್ಲ, ಕಮ್ಮಿಗೆ ಸಿಗುತ್ತೆ ಅಂತ ಹಳೇ ವ್ಯಾನ್ ತಗೊಳೋರು ಇದನ್ನ ಕೇಳ್ಕೊಳ್ಳಿ. ಕ್ಯಾಂಪರ್‌ಮೇಟ್ ಅಂತ ಒಂದು ಆಪ್ ಹಾಕ್ಕೊಂಡ್ರೆ ಎಲ್ಲಿ ನಿಲ್ಲಿಸಬಹುದು, ಎಲ್ಲಿ ನೀರು, ಎಲ್ಲಿ ಡಂಪ್ ಸ್ಟೇಷನ್ ಎಲ್ಲಾ ಮ್ಯಾಪಲ್ಲಿ ಬರುತ್ತೆ.

ಡಂಪ್ ಸ್ಟೇಷನ್ ಅಂದ್ನಲ್ಲ. ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡೋ ಕೆಲಸ ಎಲ್ಲರೂ ಹೆದರೋವಷ್ಟು ಕೆಟ್ಟದಲ್ಲ. ಸೂಟ್‌ಕೇಸ್ ತರ ಎಳ್ಕೊಂಡು ಹೋಗಿ, ಮುಚ್ಚಳ ತೆಗೆದು, ಗಾಳಿ ಬಿಡೋ ಬಟನ್ ಒತ್ತಿ ಬಗ್ಗಿಸೋದು. ಆ ಬಟನ್ ಒತ್ತದೆ ಬಗ್ಗಿಸಿದ್ರೆ ಗುಳುಕ್ ಗುಳುಕ್ ಅಂತ ಪ್ಯಾಂಟಿಗೆ ಹಾರುತ್ತೆ, ಹೇಗೆ ಗೊತ್ತು ಅಂತ ಕೇಳ್ಬೇಡಿ. ಮತ್ತೊಂದು, ಅಲ್ಲಿ ಎರಡು ನಲ್ಲಿ ಇರುತ್ತೆ, ಕ್ಯಾಸೆಟ್ ತೊಳೆಯೋದು ಒಂದು, ಕುಡಿಯೋ ನೀರು ಇನ್ನೊಂದು, ಬೋರ್ಡ್ ಓದಿ ಪೈಪ್ ಹಾಕಿ.

ಅಡುಗೆ. ಎರಡು ಒಲೆ, ಗ್ಯಾಸು. ಮೂರು ಲೀಟರ್ ಕುಕ್ಕರ್ ಊರಿಂದ ತಗೊಂಡು ಹೋಗಿದ್ದು ಈ ಟ್ರಿಪ್ಪಿನ ಅತೀ ಬುದ್ಧಿವಂತಿಕೆ ಕೆಲಸ. ಮೊದಲ ದಿನ ಸಾರಿಗೆ ಒಗ್ಗರಣೆ ಹಾಕಿದ್ಲು, ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಏಳ್ತಿದ್ದ ಹಾಗೇ ಸ್ಮೋಕ್ ಅಲಾರಂ ಕಿವಿ ಕಿತ್ತೋಗೋ ಹಾಗೆ ಕಿರುಚ್ತು, ಪಕ್ಕದ ವ್ಯಾನಿನ ಜರ್ಮನ್ ಮುದುಕ ಓಡಿಬಂದು ಎಲ್ಲಾ ಸರಿ ಇದೆಯಾ ಅಂದ. ಅವತ್ತಿಂದ ಒಗ್ಗರಣೆ ಹಾಕೋವಾಗ ಮೇಲಿನ ಕಿಂಡಿ ತೆಗೆದು, ಬಾಗಿಲು ತೆಗೆದು, ಮಗ ಟವೆಲ್ ಬೀಸ್ತಾ ನಿಲ್ಲೋದು ಅಂತ ಡ್ಯೂಟಿ ಹಾಕಿದ್ವಿ. ಅಲಾರಂ ಬ್ಯಾಟರಿ ಮಾತ್ರ ತೆಗೀಬೇಡಿ, ಗ್ಯಾಸ್ ಇರೋ ಗಾಡೀಲಿ ಮಲಗೋದು.

ಜಾಗಗಳ ಬಗ್ಗೆ ಎಲ್ಲಾ ಬರೆದ್ರೆ ಮುಗಿಯಲ್ಲ. ಔರಾಕಿ, ಅಂದ್ರೆ ಮೌಂಟ್ ಕುಕ್, 3,724 ಮೀಟರ್, ಅದರ ಬುಡದಲ್ಲೇ ವೈಟ್ ಹಾರ್ಸ್ ಹಿಲ್ ಅಂತ ಡಾಕ್ ಕ್ಯಾಂಪ್‌ಸೈಟು, ಕರೆಂಟ್ ಇಲ್ಲ, ಆದ್ರೆ ಬೆಳಿಗ್ಗೆ ಪರದೆ ಸರಿಸಿದ್ರೆ ಎದುರಿಗೇ ಹಿಮದ ಗೋಡೆ. ಅಪ್ಪನಿಗೆ ಮಂಡಿ ನೋವು, ಅವರನ್ನ ಕರ್ಕೊಂಡು ಕೀಯಾ ಪಾಯಿಂಟ್ ತನಕ ಹೋಗಿಬಂದ್ವಿ, ಹೋಗಿ ಬರೋಕೆ ಒಂದು ಗಂಟೆ ಚಿಲ್ಲರೆ, ವಯಸ್ಸಾದವರಿಗೆ ತೊಂದ್ರೆ ಇಲ್ಲ. ಅಲ್ಲಿಂದ ವಾನಾಕಕ್ಕೆ ಹೋಗೋ ದಾರೀಲಿ 971 ಮೀಟರಿನ ಲಿಂಡಿಸ್ ಪಾಸ್, ಒಂದು ಮರ ಇಲ್ಲ, ಬರೀ ಒಣಹುಲ್ಲಿನ ಗುಡ್ಡ, ಸಂಜೆ ಬಿಸಿಲಿಗೆ ರಾಗಿ ಕೊಯ್ದ ಹೊಲ ಎದ್ದು ನಿಂತ ಹಾಗೆ ಕಾಣುತ್ತೆ.

ಎಲೆ ಬಣ್ಣಕ್ಕೆ ಅಂತ ಹೋಗೋದಾದ್ರೆ ಆರೋಟೌನ್. ಇಲ್ಲೊಂದು ವಿಷಯ ನನಗೆ ಹೋಗೋ ತನಕ ಗೊತ್ತಿರ್ಲಿಲ್ಲ: ನ್ಯೂಜಿಲೆಂಡಿನ ಸ್ವಂತ ಕಾಡು ಬಹುಪಾಲು ವರ್ಷಪೂರ್ತಿ ಹಸಿರೇ, ಎಲೆ ಉದುರ್ಸೋ ಮರಗಳು ಅಲ್ಲಿ ಬೆರಳೆಣಿಕೆ. ಈ ಹಳದಿ ಕೆಂಪು ಎಲ್ಲಾ ಹೊರಗಿಂದ ಬಂದ ಜನ ತಂದು ನೆಟ್ಟ ಪಾಪ್ಲರ್, ವಿಲೋ, ಮೇಪಲ್‌ಗಳದ್ದು. 1862ರಲ್ಲಿ ಆರೋ ನದೀಲಿ ಚಿನ್ನ ಸಿಕ್ಕಿ ಹುಟ್ಟಿದ ಊರದು, ಚಿನ್ನ ಹುಡುಕೋಕೆ ಬಂದ ಚೀನೀಯರ ಪುಟ್ಟ ಪುಟ್ಟ ಗುಡಿಸಲುಗಳು ನದಿ ದಡದಲ್ಲಿ ಇನ್ನೂ ಇವೆ. ಹಾಗಾಗಿ ಕಾಡಿನ ಒಳಗೆ ಹೋಗಿ ಆಟಮ್ ಹುಡುಕ್ಬೇಡಿ, ಹಳೇ ಊರುಗಳಲ್ಲಿ, ಸರೋವರದ ದಡದಲ್ಲಿ ಹುಡುಕಿ. ನಾವು ಹೋದಾಗ ಬೀದಿ ತುಂಬಾ ಎಲೆ, ಮಗ ಮಂಡಿ ತನಕ ಮುಳುಗಿ ಒದೀತಿದ್ದ, ಅಪ್ಪ ಮಾತ್ರ ಗುಡಿಸೋರು ಯಾರಪ್ಪಾ ಇದನ್ನ ಅಂತ.

ಪಶ್ಚಿಮ ಕರಾವಳಿ ಕಡೆ ಹಾಸ್ಟ್‌ಗೆ ಇಳಿದ್ರೆ ಸ್ಯಾಂಡ್‌ಫ್ಲೈ ಅನ್ನೋ ಕಚ್ಚೋ ಪುಟ್ಟ ನೊಣದ ಕಾಟ. ಆಗುಂಬೆ ಜಿಗಣೆನಾದ್ರೂ ಕಿತ್ತು ಬಿಸಾಕಬಹುದು, ಇದು ಕಚ್ಚಿ ಹೋದ್ಮೇಲೆ ಒಂದು ವಾರ ಕೆರೀತಿರ್ಬೇಕು. ರಾತ್ರಿ ಕಾಟ ಇಲ್ಲ, ಹಗಲಲ್ಲೇ. ಅಲ್ಲಿಂದ ಆರ್ಥರ್ಸ್ ಪಾಸ್ ಹತ್ತಿ ವಾಪಸ್ ಕ್ರೈಸ್ಟ್‌ಚರ್ಚ್. ಆರ್ಥರ್ಸ್ ಪಾಸಲ್ಲಿ ಕೀಯಾ ಅನ್ನೋ ಹಸಿರು ಗಿಣಿ ನಮ್ಮ ವೈಪರ್ ರಬ್ಬರನ್ನ ಕಣ್ಣೆದುರೇ ಎಳೀತು, ಓಡಿಸೋಕೆ ಹೋದ್ರೆ ಹೋಗಲ್ಲ, ಎರಡು ಹೆಜ್ಜೆ ಹಿಂದೆ ಹೋಗಿ ನಮ್ಮನ್ನೇ ನೋಡುತ್ತೆ, ಸಾಲದ ವಸೂಲಿಗೆ ಬಂದೋರ ಹಾಗೆ. ಫುಲ್ ಕವರ್ ತಗೊಂಡಿದ್ದಕ್ಕೆ ಅವತ್ತೊಂದಿನ ಸಮಾಧಾನ ಆಯ್ತು.

ಪ್ಲಾನಲ್ಲಿ ನಾನು ಮಾಡಿದ ತಪ್ಪು ಎರಡು. ಏಪ್ರಿಲ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ, ಆಮೇಲೆ ಸಂಜೆ ಆರು ಆರೂವರೆಗೆಲ್ಲ ಕತ್ತಲೆ. ಬೇಸಿಗೇಲಿ ಹೋದೋರು ಬರೆದ ಐಟಿನರಿ ಕಾಪಿ ಹೊಡೆದಿದ್ದೆ, ಅವರಿಗೆ ರಾತ್ರಿ ಒಂಬತ್ತರ ತನಕ ಬೆಳಕು. ದಿನಕ್ಕೆ 200 ಕಿಲೋಮೀಟರ್ ಮೇಲೆ ಇಟ್ಕೋಬೇಡಿ, ನಾಲ್ಕೂವರೆಗೆ ಕ್ಯಾಂಪ್ ಸೇರ್ಕೊಳ್ಳಿ. ಇನ್ನೊಂದು, 25ನೇ ತಾರೀಖು ಆನ್ಜಾಕ್ ದಿನ, ಯುದ್ಧದಲ್ಲಿ ಸತ್ತವರ ನೆನಪಿನ ರಜ, ಮಧ್ಯಾಹ್ನ ಒಂದರ ತನಕ ಬಹುತೇಕ ಅಂಗಡಿ ಮುಚ್ಚಿರುತ್ತೆ. ಅವತ್ತು ಬೆಳಿಗ್ಗೆ ನಮ್ಮ ಹತ್ರ ಹಾಲಿರ್ಲಿಲ್ಲ. ಕಾಫಿ ಇಲ್ಲದೆ ನನ್ನ ಹೆಂಡತಿ ಹೇಗಿರ್ತಾಳೆ ಅನ್ನೋದು ಮನೆ ವಿಷಯ, ಇಲ್ಲಿ ಬೇಡ.

ಕೊನೆಗೆ ಮಾರ್ಕು. ಗಾಡಿಗೆ ನಾಲ್ಕು, ಡಿಪೋದಲ್ಲಿ ಗಾಡಿ ಒಪ್ಪಿಸಿದ ರೀತಿಗೆ ಎರಡು, ಹೆಲ್ಪ್‌ಲೈನ್‌ಗೆ ಒಂದು, ಅದೂ ಸಂಗೀತ ಚೆನ್ನಾಗಿತ್ತು ಅಂತ. ವಾಪಸ್ ಕೊಡೋವಾಗ ಬ್ಯಾಟರಿ ವಿಷಯ ಹೇಳಿದೆ, ಹುಡುಗಿ ಸಾರಿ ಕೇಳಿ ಬರ್ಕೊಂಡ್ಲು, ಮೂರು ದಿನ ಆದ್ಮೇಲೆ ಒಂದು ರಾತ್ರಿ ಬಾಡಿಗೆ ವಾಪಸ್ ಬಂತು, ನಾನು ನಿರೀಕ್ಷೆ ಮಾಡಿರ್ಲಿಲ್ಲ. ಅದೇ ಹೊತ್ತಿಗೆ ಪಕ್ಕದಲ್ಲಿ ಅದೇ ಮಾಡೆಲ್ ವ್ಯಾನ್ ತಗೋತಿದ್ದ ಒಂದು ಜೋಡಿ, ಕಂಕುಳಲ್ಲಿ ಮಗು, ಟೀಶರ್ಟು, ಬಿಸಿಲು, ಅದೇ ಹದಿನೈದು ನಿಮಿಷದ ಪಾಠ ನಡೀತಿತ್ತು. ನಾನು ಲಗೇಜ್ ಇಳಿಸಿ ತಿರುಗಿ ನೋಡಿದ್ರೆ ಅಪ್ಪ ಆ ವ್ಯಾನಿನ ಒಳಗಿದಾರೆ, ತಮಗೆ ಬರೋ ಅಷ್ಟು ಇಂಗ್ಲಿಷಲ್ಲಿ ಪ್ಯಾನೆಲ್ ಮೇಲೆ ಬೆರಳಿಟ್ಟು ದಿಸ್ ನಂಬರ್, ಟ್ವೆಲ್ವ್ ಬಿಲೋ, ನೋ ಹೀಟರ್, ಬೇಬಿ ಕೋಲ್ಡ್ ಅಂತಿದಾರೆ. ಏರ್‌ಪೋರ್ಟ್ ಶಟಲ್ ನಮ್ಮನ್ನ ಬಿಟ್ಟು ಹೋಯ್ತು, ಮುಂದಿನದಕ್ಕೆ ಇಪ್ಪತ್ತು ನಿಮಿಷ ಕಾದ್ವಿ.